ಮೊದಲು ಸೆಟ್ಟು, ಆಮೇಲೆ ಬಣ್ಣ

ಪದವಿಗೆ ನಾಟಕವನ್ನೇ ವಿಷಯವಾಗಿ ಆರಿಸಿಕೊಂಡ ಹುಡುಗ ಹುಡುಗಿಯರಿಗೆ ಎರಡನೇ ವರ್ಷಕ್ಕೇ ಒಂದು ಚಿಂತೆ ಹತ್ತಿಕೊಳ್ಳುತ್ತದೆ. ವಾರ್ಷಿಕೋತ್ಸವದಲ್ಲಿ ಪಾತ್ರ ಮಾಡಿದ್ದಾಯಿತು, ಯುವಜನೋತ್ಸವದಲ್ಲಿ ಬಹುಮಾನವೂ ಬಂತು. ಆದರೆ ಊರೂರಿಗೆ ನಾಟಕ ಒಯ್ಯುವ ತಂಡಕ್ಕೆ ಸೇರಿದರೆ ನನ್ನಿಂದ ಏನಾದೀತು?

ಇದಕ್ಕೆ ಉತ್ತರ ಬೇಕಿದ್ದವರು ಸಾಗರ ತಾಲ್ಲೂಕಿನ ಹೆಗ್ಗೋಡಿನ ಕಡೆ ನೋಡಬೇಕು. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಂ ರಂಗಸಂಸ್ಥೆ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಲ್ಲಿ ಅದರ ಸಂಚಾರಿ ತಂಡ ‘ತಿರುಗಾಟ’ ಹೊರಟಿತು. ಕೇಂದ್ರದಲ್ಲಿ ಕಲಿತು ಬಂದವರೇ ಹೆಚ್ಚಾಗಿರುವ ಈ ತಂಡ ಮಳೆಗಾಲದಲ್ಲಿ ತಾಲೀಮು ಮುಗಿಸಿ, ಆಮೇಲೆ ತಿಂಗಳುಗಟ್ಟಲೆ ಕರ್ನಾಟಕ ಸುತ್ತುತ್ತದೆ.

ತಿರುಗಾಟದವರಿಗೆ ದಿನದ ಕೆಲಸ ಶುರುವಾಗುವುದು ಸಾಮಾನು ಇಳಿಸುವುದರಿಂದ. ಸಂಜೆ ರಾಜನಾಗುವವನೇ ಮಧ್ಯಾಹ್ನ ಪೆಟ್ಟಿಗೆ ಹೊರುತ್ತಾನೆ. ರಾಣಿಯಾಗುವವಳು ಸಂಘಟಕರನ್ನು ಹುಡುಕಿಕೊಂಡು ಹೋಗಿ “ಅಣ್ಣಾ, ತ್ರೀ ಫೇಸ್ ಕರೆಂಟು ಎಲ್ಲಿದೆ?” ಎಂದು ಕೇಳುತ್ತಾಳೆ. ನಿನ್ನೆಯ ಊರಲ್ಲಿ ಸುಸಜ್ಜಿತ ರಂಗಮಂದಿರವಿದ್ದರೆ ಇವತ್ತು ಶಾಲೆಯ ಜಗಲಿ. ವೇದಿಕೆ ನಾಲ್ಕು ಅಡಿ ಕಿರಿದಾದರೆ ಮೂರು ಹೆಜ್ಜೆಯ ಪ್ರವೇಶ ಎರಡು ಹೆಜ್ಜೆಗೆ ಇಳಿಯಬೇಕು. ಸೈಡ್‌ವಿಂಗ್ ಇಲ್ಲದಿದ್ದರೆ ಪರದೆ ಕಟ್ಟಿ ಮರೆ ಮಾಡಿಕೊಳ್ಳಬೇಕು. ಸ್ಪಾಟ್ ಎಲ್ಲಿ ಬೀಳುತ್ತದೆಂದು ತಾವೇ ನಿಂತು ನೋಡಿಕೊಂಡ ಮೇಲೆ ಉಡುಪಿಗೆ ಇಸ್ತ್ರಿ, ಕೊನೆಗೆ ಮುಖಕ್ಕೆ ಬಣ್ಣ. ಆಟ ಮುಗಿದ ಮೇಲೆ ಬಿಚ್ಚಿ, ಮಡಚಿ, ಗಾಡಿಗೆ ತುಂಬುವವರೂ ಇವರೇ. ಇದನ್ನು ಯಾವ ಪಠ್ಯಕ್ರಮವೂ ಕಲಿಸಲಾರದು. ನಮ್ಮ ಕಾಲೇಜುಗಳಂತೂ ನಟನೆಗೆ ಪ್ರಮಾಣಪತ್ರ ಕೊಟ್ಟು, ಪರದೆ ಎಳೆದವನ ಹೆಸರನ್ನು ಕರಪತ್ರದಲ್ಲೂ ಹಾಕುವುದಿಲ್ಲ!

ಇದೇನೂ ಹೊಸ ಪದ್ಧತಿಯಲ್ಲ. ರಂಗನಿರ್ದೇಶಕ ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಗುಬ್ಬಿ ನಾಟಕ ಕಂಪನಿ ಸೇರಿದವರು. ರಾಷ್ಟ್ರೀಯ ನಾಟಕ ಶಾಲೆ ಕಂಡದ್ದು ಆಮೇಲೆ. ಮೈಸೂರಿನಲ್ಲಿ ಅವರೇ ಕಟ್ಟಿದ ರಂಗಾಯಣ, ಹಾಗೆಯೇ ಸಾಣೇಹಳ್ಳಿಯ ಶಿವಸಂಚಾರ ತಂಡ ಕೂಡ ಎಳೆಯರಿಗೆ ಇಂಥ ದುಡಿಮೆಯ ಪಾಠ ಹೇಳಿವೆ. ಬೆಂಗಳೂರಿನವರಿಗೆ ರಂಗಶಂಕರ ರಂಗಮಂದಿರ ಹತ್ತಿರ. ಹೊತ್ತು ಮೀರಿ ಬಂದವರನ್ನು ಒಳಗೆ ಬಿಡದ ಅಲ್ಲಿನ ಕಟ್ಟುನಿಟ್ಟೇ ಮೊದಲ ಪಾಠ.

ಇಂಥ ತಿರುಗಾಟಕ್ಕೆ ಯಾರೂ ದುಡ್ಡಿನ ಆಸೆಯಿಂದ ಬರುವುದಿಲ್ಲ, ಬರಲೂಬಾರದು. ಆದರೆ ಒಂದು ಋತು ತಿರುಗಾಡಿ ಬಂದವನ ಮಾತನ್ನು ನಿರ್ದೇಶಕ ಬೇರೆಯಾಗಿಯೇ ಕೇಳಿಸಿಕೊಳ್ಳುತ್ತಾನೆ. ಬೆಳಕು ಕೈಕೊಟ್ಟರೆ ಕತ್ತಲಲ್ಲೇ ಮಾತು ಮುಂದುವರಿಸುವ ಧೈರ್ಯ ಅವನಿಗೆ ಬಂದಿರುತ್ತದೆ.

ಪದವಿ ಮುಗಿಯುವವರೆಗೆ ಕಾಯಬೇಕಿಲ್ಲ. ನಿಮ್ಮ ಊರಿಗೆ ಇಂಥ ತಂಡ ಬಂದಾಗ ಸಂಜೆ ಟಿಕೆಟ್ ಹಿಡಿದು ಹೋಗುವುದಷ್ಟೇ ಅಲ್ಲ, ಸಂಘಟಕರಿಗೆ ಮೊದಲೇ ಹೇಳಿ ಮಧ್ಯಾಹ್ನವೇ ಹೋಗಿ. ಸಾಮಾನು ಇಳಿಸಲು ಅವರಿಗೆ ಯಾವಾಗಲೂ ಇನ್ನೆರಡು ಕೈ ಬೇಕಿರುತ್ತದೆ.