ಬೆಂಗಳೂರು ಪೂರ್ವದಲ್ಲಿ ಎಷ್ಟು ಜನ ಇದ್ದೇವೆ? ಅಧಿಕೃತ ಉತ್ತರ 2011ರಲ್ಲೇ ನಿಂತಿದೆ

ಕೆ.ಆರ್.ಪುರ, ಮಹದೇವಪುರ, ವರ್ತೂರು, ವೈಟ್‌ಫೀಲ್ಡ್. ಈ ಹೆಸರು ಕೇಳಿದ ತಕ್ಷಣ ಟ್ರಾಫಿಕ್ಕು, ಟೆಕ್ ಪಾರ್ಕು, ನೀರಿನ ಟ್ಯಾಂಕರು ನೆನಪಾಗುತ್ತವೆ. ಆದರೆ ಕಂದಾಯ ಇಲಾಖೆಯ ಲೆಕ್ಕದಲ್ಲಿ ಇದೆಲ್ಲಾ ಒಂದು ತಾಲೂಕು. ಹೆಸರು ಬೆಂಗಳೂರು ಪೂರ್ವ. ತಾಲೂಕು ಕಚೇರಿ ಕೆ.ಆರ್.ಪುರದಲ್ಲಿ. ಕೆ.ಆರ್.ಪುರ, ಬಿದರಹಳ್ಳಿ, ವರ್ತೂರು ಅದರ ಹೋಬಳಿಗಳು. ಒಂದು ಕಡೆ ಗಾಜಿನ ಕಟ್ಟಡ, ಇನ್ನೊಂದು ಕಡೆ ಗ್ರಾಮ ಪಂಚಾಯ್ತಿ.

ನಾನು ಈ ಭಾಗದಲ್ಲೇ ಇರೋನು. ನೀರು, ರಸ್ತೆ, ಚರಂಡಿ, ಯಾವುದರ ಬಗ್ಗೆ ಜಗಳ ಶುರುವಾದರೂ ಕೊನೆಗೆ ಬಂದು ನಿಲ್ಲೋದು ಒಂದೇ ಪ್ರಶ್ನೆಗೆ: ಇಲ್ಲಿ ಎಷ್ಟು ಜನ ಇದ್ದೇವೆ? ಅದಕ್ಕೆ ಉತ್ತರ ಹುಡುಕೋ ಮುಂಚೆ ಈ ನೆಲ ಯಾವುದು, ಊರು ಹೇಗಾಯ್ತು ಅಂತ ನೋಡಬೇಕು.

ನೀರು ಹರಿಯೋದು ಪೂರ್ವಕ್ಕೆ

ಬೆಂಗಳೂರು ನಿಂತಿರೋದು ಒಂದು ದಿಣ್ಣೆಯ ಮೇಲೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಆ ದಾರಿಯಲ್ಲಿ ಎರಡು ಕಣಿವೆಗಳಿವೆ. ಹೆಬ್ಬಾಳದ ಕಡೆಯ ನೀರು ಒಂದೊಂದೇ ಕೆರೆ ದಾಟಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಬರುತ್ತೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯದ್ದು ಬೆಳ್ಳಂದೂರು ತುಂಬಿ ವರ್ತೂರಿಗೆ ಇಳಿಯುತ್ತೆ.

ಅಂದರೆ ನಗರದ ಅರ್ಧ ಭಾಗ ಬಳಸಿ ಬಿಟ್ಟ ನೀರಿಗೆ ಈ ತಾಲೂಕೇ ದಾರಿ. ಬೆಳ್ಳಂದೂರಿನ ನೊರೆ, ಮಳೆಗಾಲದಲ್ಲಿ ಮುಳುಗುವ ಲೇಔಟುಗಳು, ಇವೆಲ್ಲ ಈ ಇಳಿಜಾರಿನ ಕತೆಯೇ. ಕೆರೆಯಿಂದ ಕೆರೆಗೆ ಹೋಗುತ್ತಿದ್ದ ರಾಜಕಾಲುವೆಯ ಮೇಲೆ ಮನೆ ಕಟ್ಟಿದರೆ ನೀರು ತನ್ನ ಹಳೇ ದಾರಿ ಹುಡುಕಿಕೊಂಡು ಮನೆಯೊಳಗೇ ಬರುತ್ತೆ.

ಕಾಡು ಕಡಿದು ಊರಾದ ನೆಲ

'ಐಟಿ ಬಂದ ಮೇಲೆ ಹುಟ್ಟಿದ ಏರಿಯಾ' ಅನ್ನೋರಿಗೆ ಎಚ್‌ಎಎಲ್ ಪಕ್ಕದ ವಿಭೂತಿಪುರದ ಶಾಸನ ತೋರಿಸಬೇಕು. ಹೊಯ್ಸಳ ಮೂರನೇ ಬಲ್ಲಾಳನ ಕಾಲದ, 1307ರ ಈ ತಮಿಳು ಶಾಸನ ಕಾಡು ಕಡಿದು, ನೆಲ ಸಮ ಮಾಡಿ, ಕೆರೆ ಕಟ್ಟಿ ಊರು ಮಾಡಿದ್ದನ್ನು ಹೇಳುತ್ತೆ. ಕನ್ನಡ, ತಮಿಳು, ತೆಲುಗು ಒಂದೇ ಬೀದಿಯಲ್ಲಿ ಕೇಳೋದು ಈ ಭಾಗಕ್ಕೆ ಹೊಸದೇನೂ ಅಲ್ಲ.

ಆಮೇಲೆ ಬಂದವರೂ ಪೂರ್ವಕ್ಕೇ ಬಂದರು. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಕಟ್ಟಿದರು. 1864ರಲ್ಲಿ ದಂಡಿನಿಂದ ಜೋಲಾರಪೇಟೆಗೆ ರೈಲು ಓಡಿತು, ಕೆ.ಆರ್.ಪುರದ ಮೇಲೇ. 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘ ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರಲ್ಲಿ ಬೇಸಾಯದ ಊರಾಗಿ ವೈಟ್‌ಫೀಲ್ಡ್ ಶುರುವಾಯ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1990ರ ದಶಕದಲ್ಲಿ ಐಟಿಪಿಎಲ್. ಪ್ರತಿ ಸಲವೂ ಕೆಲಸ ಮೊದಲು ಬಂತು, ಅದರ ಹಿಂದೆ ಜನ ಬಂದರು. ಎಲ್ಲರಿಗಿಂತ ಕೊನೆಗೆ ಬರೋದು ಸರ್ಕಾರದ ನಕ್ಷೆ.

ಇದಕ್ಕೆ ಉದಾಹರಣೆ ಬೇಕಾ? 2007ರಲ್ಲಿ ಕೆ.ಆರ್.ಪುರ, ಮಹದೇವಪುರ ಸೇರಿ 7 ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಒಟ್ಟುಗೂಡಿಸಿ ಬಿಬಿಎಂಪಿ ಮಾಡಿದರು. ಹಳ್ಳಿಗಳಿಗೆ 'ನಗರ' ಅನ್ನೋ ಹೆಸರು ಅವತ್ತೇ ಸಿಕ್ಕಿತು. ಆ 110 ಹಳ್ಳಿಗಳಿಗಾಗಿಯೇ ಮಾಡಿದ ಕಾವೇರಿ 5ನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ 17 ವರ್ಷ ಬೋರ್‌ವೆಲ್ಲು, ಟ್ಯಾಂಕರೇ ಗತಿ.

ನಗರದೊಳಗೆ ಸೇರದ ಹಳ್ಳಿಗಳ ಕತೆ ಇನ್ನೊಂದು ಥರ. ಬಿದರಹಳ್ಳಿ ಹೋಬಳಿಯ ಮಂಡೂರನ್ನೇ ನೋಡಿ. ಊರು ನಗರದ್ದಲ್ಲ, ಕಸ ಮಾತ್ರ ನಗರದ್ದು. ಜನ ಬೀದಿಗಿಳಿದು ಹೋರಾಡಿದ ಮೇಲೆ, 2014ರ ಡಿಸೆಂಬರ್‌ನಿಂದ ಅಲ್ಲಿಗೆ ಕಸದ ಲಾರಿ ಬರೋದು ನಿಂತಿತು.

ಹಳೇ ಲೆಕ್ಕ, ಹೊಸ ವಾರ್ಡು

ಈಗ ಜನಸಂಖ್ಯೆಗೆ ಬರೋಣ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65 ಲಕ್ಷ ಜನ ಇದ್ದರು, 2011ರಲ್ಲಿ 96 ಲಕ್ಷ. ಹತ್ತೇ ವರ್ಷಕ್ಕೆ ಶೇ. 47ರಷ್ಟು ಏರಿಕೆ. ಅದರ ನಂತರದ ಅಂಕಿ ಇಲ್ಲ, ಯಾಕಂದ್ರೆ 2021ರಲ್ಲಿ ಜನಗಣತಿ ಆಗಲೇ ಇಲ್ಲ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಕೊಂಡು ಬಂದಿದ್ದು ಮೊದಲ ಸಲ ತಪ್ಪಿತು. ಕೋವಿಡ್ ಕಾರಣ ಅಂದರು. ಅದೇ ಕೋವಿಡ್ ನಡುವೆ ಅಮೆರಿಕ 2020ರ ಜನಗಣತಿ ಮುಗಿಸಿ, ಯಾವ ರಾಜ್ಯಕ್ಕೆ ಎಷ್ಟು ಸಂಸದರು ಅಂತ ಸೀಟನ್ನೂ ಮರುಹಂಚಿತು.

ನಮ್ಮಲ್ಲಿ ಏನಾಯ್ತು? 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದವು. ಒಟ್ಟು 369 ವಾರ್ಡು ಹಂಚಿದ್ದು 2011ರ ಜನಸಂಖ್ಯೆ ಇಟ್ಟುಕೊಂಡು. ಶಿವಾಜಿನಗರ, ಹಲಸೂರು, ಇಂದಿರಾನಗರ ಇರುವ ಕೇಂದ್ರ ಪಾಲಿಕೆಗೆ 78 ಚದರ ಕಿ.ಮೀ., 63 ವಾರ್ಡು. ಕೆ.ಆರ್.ಪುರ ಮತ್ತು ಮಹದೇವಪುರ ಸೇರಿದ ಪೂರ್ವ ಪಾಲಿಕೆಗೆ 168 ಚದರ ಕಿ.ಮೀ., 50 ವಾರ್ಡು.

ವಾರ್ಡು ಕೊಡೋದು ಜನ ನೋಡಿ, ಜಾಗ ನೋಡಿ ಅಲ್ಲ. ಅದು ಸರಿಯೇ. ಆದರೆ 2011ರ ನಂತರ ಎಷ್ಟೊಂದು ಅಪಾರ್ಟ್‌ಮೆಂಟು, ಪಿಜಿ, ಕಾರ್ಮಿಕರ ಶೆಡ್ಡುಗಳು ಎದ್ದವು ಅಂತ ವರ್ತೂರು ರಸ್ತೆಯಲ್ಲಿ ಒಮ್ಮೆ ಓಡಾಡಿದವರಿಗೆ ಗೊತ್ತು. ಬಿಬಿಎಂಪಿಯ ಎಂಟು ವಲಯಗಳಲ್ಲಿ ಅತಿ ಹೆಚ್ಚು ಆಸ್ತಿ ತೆರಿಗೆ ಕೊಡುತ್ತಿದ್ದದ್ದೂ ಮಹದೇವಪುರವೇ. ತೆರಿಗೆ ಇವತ್ತಿನ ಲೆಕ್ಕದಲ್ಲಿ, ಪ್ರಾತಿನಿಧ್ಯ ಹದಿನಾಲ್ಕು ವರ್ಷ ಹಿಂದಿನ ಲೆಕ್ಕದಲ್ಲಿ!

ಇನ್ನೊಂದು ಲೆಕ್ಕ ನೋಡಿ. ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಗ್ರಾಮ ಪಂಚಾಯ್ತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. ನಗರದಲ್ಲಿ 2011ರ ಲೆಕ್ಕದಲ್ಲೇ ಸರಾಸರಿ 23 ಸಾವಿರ ಜನಕ್ಕೆ ಒಬ್ಬ ಕಾರ್ಪೊರೇಟರ್. ಅದೂ ಚುನಾವಣೆ ನಡೆದರೆ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಅದು ರದ್ದಾಗುವವರೆಗೂ ಚುನಾವಣೆಯೇ ಆಗಲಿಲ್ಲ. ಮೋರಿ ಕಟ್ಟಿಕೊಂಡರೆ ಹಳ್ಳಿಯವರು ಮೆಂಬರ್ ಮನೆ ಬಾಗಿಲು ತಟ್ಟುತ್ತಾರೆ. ನಾವು ಆ್ಯಪ್‌ನಲ್ಲಿ ದೂರು ಹಾಕಿ ಕಾಯ್ತೀವಿ. ಪಂಚಾಯ್ತಿಯಿಂದ ಪಾಲಿಕೆಗೆ ಸೇರೋದನ್ನ 'ಅಭಿವೃದ್ಧಿ' ಅಂತ ಕುಣಿಯೋ ಮುಂಚೆ ಇದನ್ನೂ ತೂಗಿ ನೋಡಬೇಕು.

2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಮಹದೇವಪುರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮತ ಕದಿಯಲಾಗಿದೆ ಅಂತ ಆರೋಪಿಸಿದರು, ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿತು. ಟಿವಿಯಲ್ಲಿ ವಾರಗಟ್ಟಲೆ ಚರ್ಚೆ ಆಯ್ತು. ಆದರೆ ಆ ಪಟ್ಟಿಯನ್ನು ಒರೆ ಹಚ್ಚಿ ನೋಡೋಕೆ ಬೇಕಾದ ಹೊಸ ಜನಗಣತಿಯೇ ಯಾರ ಕೈಯಲ್ಲೂ ಇರಲಿಲ್ಲ.

ಎಣಿಕೆ ಬಿಟ್ಟರೆ ಪಾಲೂ ಬಿಟ್ಟಂತೆ

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಗೊತ್ತಾದ ದಿನ. ಜಾತಿಯನ್ನೂ ಕೇಳುತ್ತಾರೆ. ಬಾಡಿಗೆಗಿರೋರು, ಪಿಜಿಯಲ್ಲಿರೋರು, ಯಾದಗಿರಿಯಿಂದಲೋ ಬಿಹಾರದಿಂದಲೋ ಕಟ್ಟಡದ ಕೆಲಸಕ್ಕೆ ಬಂದೋರು, ಎಲ್ಲರೂ ಇಲ್ಲೇ ವಾಸ ಇರೋದಾದರೆ ಇಲ್ಲೇ ಲೆಕ್ಕಕ್ಕೆ ಸಿಗಬೇಕು. 'ನಮ್ಮೂರು ಬೇರೆ, ಇಲ್ಲಿ ಸುಮ್ನೆ ಇದೀವಿ' ಅಂತ ಬಿಟ್ಟರೆ ನೀರಿನ ಪೈಪು, ಶಾಲೆ, ವಾರ್ಡು ಎಲ್ಲದರಲ್ಲೂ ಆ ತಲೆಗಳ ಪಾಲು ಹೋಯ್ತು ಅಂತಲೇ ಅರ್ಥ.

ಅದರ ಜೊತೆ ಇನ್ನೊಂದು ಮಾತನ್ನು ನಾವು ಈಗಿನಿಂದಲೇ ಕೇಳಬೇಕು. ಹೊಸ ಲೆಕ್ಕ ಕೈಗೆ ಬಂದ ಮೇಲೆ ಪೂರ್ವದ ವಾರ್ಡುಗಳನ್ನು ಮತ್ತೆ ಹಂಚುತ್ತೀರಾ, ಇಲ್ಲವಾ? ಮತ ಕೇಳಿಕೊಂಡು ಮನೆಗೆ ಬರೋ ಎಲ್ಲಾ ಪಕ್ಷದವರ ಮುಂದೆಯೂ ಈ ಪ್ರಶ್ನೆ ಇಡಿ.