ಫಜ್ರ್ ನಮಾಝಿನ ಬಳಿಕ ಕೆರೆಯ ಏರಿಯ ಮೇಲೆ

‘ದಿನಕ್ಕೆ ಅರ್ಧ ಗಂಟೆ ನಡೆಯಿರಿ’ ಎಂದು ವೈದ್ಯರು ಹೇಳಿದಾಗ ನೀವು ತಲೆಯಾಡಿಸಿ ಬಂದಿರುತ್ತೀರಿ. ಮೊದಲ ವಾರ ನಡೆದದ್ದೂ ಹೌದು. ಎರಡನೇ ವಾರ ಮಳೆ, ಮೂರನೇ ವಾರ ನೆಂಟರು. ಆಮೇಲೆ ಚಪ್ಪಲಿ ಬಾಗಿಲ ಹಿಂದೆಯೇ ಉಳಿಯಿತು. ರಕ್ತದ ಸಕ್ಕರೆ ಮಾತ್ರ ರಜೆ ತೆಗೆದುಕೊಳ್ಳಲಿಲ್ಲ. ನಡಿಗೆ ನಿಲ್ಲುವುದು ಸೋಮಾರಿತನದಿಂದಷ್ಟೇ ಅಲ್ಲ, ಬೇಸರದಿಂದಲೂ ಹೌದು. ಆ ಬೇಸರಕ್ಕೆ ಖರ್ಚಿಲ್ಲದ ಒಂದು ಮದ್ದಿದೆ: ಹಕ್ಕಿಗಳನ್ನು ನೋಡುವುದು.

ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಹೊಸದಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಈ ಕೆರೆ ಈಗ ಮಾನಸಗಂಗೋತ್ರಿಯ ಮಗ್ಗುಲಲ್ಲಿದೆ. ಫಜ್ರ್ ಮುಗಿಸಿ ಹೊರಟರೆ ಅಲ್ಲಿ ಪಾಳಿ ಬದಲಾಗುವುದನ್ನು ಕಾಣುವಿರಿ. ರಾತ್ರಿಯೆಲ್ಲ ಬೇಟೆಯಾಡಿದ ಇರುಳುಬಕಗಳು ಮರಕ್ಕೆ ಮರಳುತ್ತವೆ, ಬೆಳ್ಳಕ್ಕಿಗಳು ಹೊರಡುತ್ತವೆ. ಹೆಜ್ಜಾರ್ಲೆ ಕೊಕ್ಕಿನ ಕೆಳಗಿನ ಚೀಲದಲ್ಲಿ ನೀರನ್ನೂ ಮೀನನ್ನೂ ಒಟ್ಟಿಗೆ ಮೊಗೆದು, ನೀರು ಚೆಲ್ಲಿ ಮೀನು ನುಂಗುತ್ತದೆ. ಕತ್ತು ಮಾತ್ರ ಮೇಲೆತ್ತಿ ಈಜುವುದರಿಂದ ಹಾವಿನಂತೆ ಕಾಣುವುದು ಹಾವಕ್ಕಿ. ಅದರ ಗರಿಗಳು ನೀರಿನಲ್ಲಿ ನೆನೆಯುತ್ತವೆ. ಅದಕ್ಕೇ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತದೆ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರ್ಧ ಗಂಟೆಯಂತೆ ಐದು ದಿನ ಚುರುಕಾಗಿ ನಡೆದರೆ ಸಾಕು. ಮೊದಲು ನಡೆಯಿರಿ, ಬಳಿಕ ಹತ್ತು ನಿಮಿಷ ನಿಂತು ನೋಡಿ. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ, ಕಂಡ ಹಕ್ಕಿ, ಅದರ ಕೆಲಸ ಬರೆದಿಡಿ. ‘ನಿನ್ನೆಯ ಮಿಂಚುಳ್ಳಿ ಇಂದೂ ಅದೇ ಕೊಂಬೆಯಲ್ಲಿದೆಯೇ?’ ಎಂಬ ಕುತೂಹಲ ನಿಮ್ಮನ್ನು ಮರುದಿನವೂ ಹೊರಡಿಸುತ್ತದೆ. ಒಬ್ಬರೇ ಹೋಗಲು ಹಿಂಜರಿಯುವ ಸಹೋದರಿಯರು ನೆರೆಯವರೊಂದಿಗೆ ಸೇರಿ ಹೋಗಬಹುದು. ರಜಾದಿನ ಮಕ್ಕಳನ್ನೂ ಕರೆದೊಯ್ಯಿರಿ. ಹಗಲ ಬೆಳಕಿನಲ್ಲಿ ಹೊರಗೆ ಕಳೆಯುವ ಸಮಯ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಾಧ್ಯತೆಯನ್ನು ತಗ್ಗಿಸುತ್ತದೆ.

ಸಕ್ಕರೆ ಕಾಯಿಲೆ ಇರುವವರು ಮುಚ್ಚಿದ ಶೂ ಹಾಕಿಕೊಳ್ಳಿ, ಮನೆಗೆ ಬಂದು ಪಾದ ಪರೀಕ್ಷಿಸಿಕೊಳ್ಳಿ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿ. ತಲೆಸುತ್ತು, ಬೆವರು, ನಡುಕ ಬಂದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಜೇಬಿನಲ್ಲಿ ಸಕ್ಕರೆ ಇರಲಿ.

ಹಕ್ಕಿ ನೋಡುವುದಕ್ಕೆ ಕೆಲವು ಶುಚಿತ್ವದ ನಿಯಮಗಳೂ ಇವೆ. ಸತ್ತ ಅಥವಾ ನಿತ್ರಾಣಗೊಂಡ ಹಕ್ಕಿಯನ್ನು ಮುಟ್ಟಬೇಡಿ, ಮಕ್ಕಳಿಗೂ ಬಿಡಬೇಡಿ. ಕೆರೆಯ ಸಿಬ್ಬಂದಿಗೆ ತಿಳಿಸಿ. ಹಕ್ಕಿಜ್ವರದಿಂದಾಗಿ 2017ರ ಜನವರಿಯಲ್ಲಿ ಮೈಸೂರು ಮೃಗಾಲಯವನ್ನೇ ಮುಚ್ಚಬೇಕಾಗಿ ಬಂದಿತ್ತು. ಹಿಕ್ಕೆ ಬಿದ್ದ ಬೆಂಚು ಮುಟ್ಟಿದರೆ ಸಾಬೂನು ಹಚ್ಚಿ ಕೈ ತೊಳೆಯದೆ ಏನನ್ನೂ ತಿನ್ನಬೇಡಿ. ಬ್ರೆಡ್, ಮಂಡಕ್ಕಿ ಎಸೆಯುವುದು ಸದಕ ಎಂದು ಭಾವಿಸದಿರಿ. ತಿನ್ನದೆ ಉಳಿದದ್ದು ಕೊಳೆತು ನೀರಿನ ಆಮ್ಲಜನಕ ತಗ್ಗಿಸುತ್ತದೆ, ಮೀನು ಸಾಯುತ್ತದೆ. ಮೀನಿಲ್ಲದ ಕೆರೆಗೆ ಹೆಜ್ಜಾರ್ಲೆ ಬರುವುದಿಲ್ಲ.

ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿ(ಸ)ರು ನಿಷೇಧಿಸಿದ್ದಾರೆ. ಹಾಗಿರುವಾಗ ಕೆರೆಗೆ ಚರಂಡಿ ನೀರು ಸೇರುವುದನ್ನು, ದಡದಲ್ಲಿ ಬಿರಿಯಾನಿಯ ಪ್ಲಾಸ್ಟಿಕ್ ಡಬ್ಬಿ ಬಿದ್ದಿರುವುದನ್ನು ನೋಡಿಯೂ ನಾವು ಸುಮ್ಮನಿರಬಹುದೇ? ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದೂ ಈಮಾನಿನ ಭಾಗ. ಮರಳುವಾಗ ಒಂದು ಡಬ್ಬಿಯನ್ನಾದರೂ ಎತ್ತಿ ಕಸದ ಬುಟ್ಟಿಗೆ ಹಾಕಿ.

ಹಕ್ಕಿಗಳನ್ನು ಗಮನಿಸುವುದು ನಮ್ಮವರಿಗೆ ಅಪರಿಚಿತವೇನಲ್ಲ. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದು ಅವರ ಒತ್ತಾಸೆಯಿಂದ. ರೆಕ್ಕೆ ಬಿಚ್ಚಿ ಮುಚ್ಚುತ್ತಾ ಹಾರುವ ಹಕ್ಕಿಗಳತ್ತ ಕಣ್ಣೆತ್ತಿ ನೋಡುವಂತೆ ಕುರ್‌ಆನ್ ಸೂರಃ ಅಲ್‌ಮುಲ್ಕ್‌ನಲ್ಲಿ ನಮ್ಮ ಗಮನ ಸೆಳೆಯುತ್ತದೆ. ಹಸಿದ ಹೊಟ್ಟೆಯಲ್ಲಿ ಹೊರಟು ಸಂಜೆ ತುಂಬಿದ ಹೊಟ್ಟೆಯಲ್ಲಿ ಮರಳುವ ಹಕ್ಕಿಯನ್ನು ಪ್ರವಾದಿ(ಸ)ರು ತವಕ್ಕುಲ್‌ಗೆ ಉದಾಹರಣೆಯಾಗಿ ಕೊಟ್ಟರು. ಒಂದನ್ನು ಮರೆಯಬೇಡಿ: ಆ ಹಕ್ಕಿ ಗೂಡಿನಲ್ಲೇ ಕುಳಿತಿರಲಿಲ್ಲ, ಹೊರಟಿತ್ತು.

ನಾಳೆ ಫಜ್ರ್ ಬಳಿಕ ನೀವೂ ಹೊರಡಿ. ನಿಮ್ಮೂರಿನಲ್ಲೂ ಒಂದು ಕೆರೆ ಇದ್ದೇ ಇರುತ್ತದೆ.