ಮಂಡಿಗೆ ಮತ್ತೆ ಆಟ ಕಲಿಸುವವರು

2023ರ ಮೇ 1ರಂದು ಲಖನೌದ ಐಪಿಎಲ್ ಪಂದ್ಯದಲ್ಲಿ ಬೌಂಡರಿಯತ್ತ ಓಡುತ್ತಿದ್ದ ಚೆಂಡನ್ನು ಬೆನ್ನಟ್ಟಿದ ಕೆ.ಎಲ್. ರಾಹುಲ್, ತೊಡೆ ಹಿಡಿದುಕೊಂಡು ನೆಲಕ್ಕೆ ಕುಸಿದರು. ಅದೇ ವರ್ಷ ಸೆಪ್ಟೆಂಬರ್ 11ರಂದು ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111 ರನ್ ಗಳಿಸಿ, ಅದೇ ಪಂದ್ಯದಲ್ಲಿ ವಿಕೆಟ್ ಕೀಪಿಂಗ್ ಕೂಡ ಮಾಡಿದರು. ನಾವು ಟಿವಿಯಲ್ಲಿ ಕಂಡದ್ದು ಈ ಎರಡು ದಿನಗಳನ್ನು. ನಡುವೆ ಶಸ್ತ್ರಚಿಕಿತ್ಸೆಯಿತ್ತು, ಅದರ ಬೆನ್ನಿಗೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ದಿನಾ ನಡೆದ ಆರೈಕೆ, ಕಸರತ್ತುಗಳಿದ್ದವು. ತಂಡಕ್ಕೆ ಆಯ್ಕೆಯಾದ ಮೇಲೂ ಬೇರೊಂದು ಸಣ್ಣ ನೋವು ಕಾಣಿಸಿಕೊಂಡಾಗ ಏಷ್ಯಾ ಕಪ್‌ನ ಮೊದಲೆರಡು ಪಂದ್ಯಗಳಲ್ಲಿ ಅವರನ್ನು ಆಡಿಸಲಿಲ್ಲ. ಎಷ್ಟು ಭಾರ ಹೊರಿಸಬೇಕು, ಯಾವಾಗ ಹೊರಿಸಬೇಕು, ಯಾವಾಗ ‘ಇನ್ನೂ ಬೇಡ’ ಎನ್ನಬೇಕು: ಕ್ರೀಡಾ ಫಿಸಿಯೊಥೆರಪಿಯ ಜಾಣ್ಮೆಯೆಲ್ಲ ಈ ಮೂರರಲ್ಲಿದೆ.

ಪೆಟ್ಟು ಬಿದ್ದರೆ ಮಲಗಿರಬೇಕು ಎಂಬುದು ನಮ್ಮ ಹಳೆಯ ನಂಬಿಕೆ. ವೈದ್ಯಲೋಕವೂ ಬಹುಕಾಲ ಹಾಗೆಯೇ ಹೇಳುತ್ತಿತ್ತು. ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲನ್ನು ಎತ್ತರದಲ್ಲಿ ಇಡುವುದು ಎಂಬ ನಾಲ್ಕು ಉಪಾಯಗಳನ್ನು ಜನಪ್ರಿಯಗೊಳಿಸಿದರು. 2014ರ ಹೊತ್ತಿಗೆ ಅವರೇ, ಮಂಜುಗಡ್ಡೆ ಮತ್ತು ಪೂರ್ಣ ವಿಶ್ರಾಂತಿಯಿಂದ ಗಾಯ ಮಾಗುವುದು ತಡವಾಗಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡರು. ಮಂಜುಗಡ್ಡೆ ನೋವನ್ನು ಮರಗಟ್ಟಿಸುತ್ತದೆ, ಅಷ್ಟೇ. ಹರಿದ ನಾರುಗಳು ಸರಿಯಾದ ದಿಕ್ಕಿನಲ್ಲಿ ಕೂಡಿಕೊಂಡು ಗಟ್ಟಿಯಾಗಲು ಹಿತಮಿತವಾದ ಎಳೆತ ಬೇಕು. ಆ ಮಿತವನ್ನು ಅಳೆದು ಕೊಡುವವರು ಫಿಸಿಯೊ.

ಈ ಕೈಚಳಕವನ್ನು ಅರಿಯಲು ಕಬಡ್ಡಿ ಆಟಗಾರನ ಮಂಡಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ರೈಡ್‌ಗೆ ಹೋದವನು ಓಟದಲ್ಲೇ ಕಾಲೂರಿ ಸರಕ್ಕನೆ ತಿರುಗುತ್ತಾನೆ. ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಮೈ ಮಾತ್ರ ತಿರುಗುತ್ತದೆ. ಯಾರೂ ಮುಟ್ಟದಿದ್ದರೂ ಮಂಡಿಯೊಳಗೆ ‘ಟಪ್’ ಎಂದಂತಾಗಿ, ಒಂದೆರಡು ಗಂಟೆಯಲ್ಲಿ ಊದಿಕೊಳ್ಳುತ್ತದೆ. ಹೀಗೆ ಹರಿಯುವುದು ಹೆಚ್ಚಾಗಿ ಎಸಿಎಲ್ ಎಂಬ ಲಿಗಮೆಂಟ್. ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಚದಂತೆ ತಡೆಯುವ ಪಟ್ಟಿ ಇದು.

ನುರಿತ ಫಿಸಿಯೊ ಮೊದಲು ಪರೀಕ್ಷಿಸುವುದು ಪೆಟ್ಟು ಬೀಳದ ಕಾಲನ್ನು. ಆ ಮನುಷ್ಯನಿಗೆ ಸಹಜ ಯಾವುದು ಎಂದು ತಿಳಿಯದೆ ಅಸಹಜ ತಿಳಿಯದು. ಆಮೇಲೆ ನೋವಿರುವ ಮಂಡಿಯನ್ನು 20ರಿಂದ 30 ಡಿಗ್ರಿ ಮಡಿಸಿ, ಒಂದು ಕೈಯಲ್ಲಿ ತೊಡೆಯನ್ನು ಹಿಡಿದು, ಇನ್ನೊಂದರಲ್ಲಿ ಕೆಳಗಿನ ಎಲುಬನ್ನು ಮುಂದಕ್ಕೆ ಎಳೆಯುತ್ತಾರೆ. ಲಿಗಮೆಂಟ್ ಗಟ್ಟಿಯಿದ್ದರೆ ಎಲುಬು ತಟ್ಟನೆ ನಿಲ್ಲುತ್ತದೆ. ಹರಿದಿದ್ದರೆ ಮೆತ್ತಗೆ ಜಾರುತ್ತದೆ. ಲಾಕ್‌ಮನ್ ಪರೀಕ್ಷೆ ಎಂಬ ಇದನ್ನು ಪಳಗಿದ ಕೈ ಮಾಡಿದರೆ, ಎಂಆರ್‌ಐ ಹೇಳುವುದು ಬಹುಪಾಲು ಮುಂಚೆಯೇ ತಿಳಿದಿರುತ್ತದೆ.

ಹರಿದದ್ದು ಖಚಿತವಾಗಿ ಆಪರೇಷನ್ ಬೇಕಾದರೆ ಸರ್ಜನ್, ಆಟಗಾರನದೇ ತೊಡೆಯ ಹಿಂಬದಿಯ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ತುಣುಕು ತೆಗೆದು ಹೊಸ ಲಿಗಮೆಂಟ್ ಕೂರಿಸುತ್ತಾರೆ. ಅವರ ಕೆಲಸ ಒಂದೆರಡು ಗಂಟೆಯದು. ಫಿಸಿಯೊ ಕೆಲಸ ಹತ್ತಿರ ಹತ್ತಿರ ವರ್ಷದ್ದು.

ಮೊದಲ ವಾರಗಳ ಗುರಿ ಕೇಳಲು ತೀರಾ ಸಣ್ಣದು: ಊತ ಇಳಿಯಬೇಕು, ಮಂಡಿ ಪೂರ್ತಿ ನೇರವಾಗಬೇಕು, ತೊಡೆಯ ಮುಂಬದಿಯ ಸ್ನಾಯು ಎಚ್ಚರಗೊಳ್ಳಬೇಕು. ಕೀಲು ಊದಿದಾಗ ನರವ್ಯೂಹವೇ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಗ್ಗಿಸಿಬಿಡುತ್ತದೆ. ನೂರು ಕೆಜಿ ಎತ್ತುತ್ತಿದ್ದವನಿಗೂ ಹಾಸಿಗೆಯಿಂದ ಕಾಲು ಎತ್ತಲಾಗುವುದಿಲ್ಲ. ಹಿಮ್ಮಡಿಯಡಿ ಸುತ್ತಿದ ಟವಲ್ ಇಟ್ಟು ‘ಮಂಡಿಯನ್ನು ಕೆಳಕ್ಕೆ ಒತ್ತಿ’ ಎಂದು ಹತ್ತಾರು ಸಲ ಮಾಡಿಸುವ ಆ ವ್ಯಾಯಾಮ ನೋಡುವವರಿಗೆ ಏನೂ ಅಲ್ಲ. ಅದೇ ಬುನಾದಿ.

ಎರಡು, ಮೂರನೆಯ ತಿಂಗಳಲ್ಲಿ ಬರುವುದು ನಿಜವಾದ ಗಂಡಾಂತರ. ನೋವು ಹೋಗಿರುತ್ತದೆ, ನಡಿಗೆ ಸರಾಗವಾಗಿರುತ್ತದೆ, ‘ನಾನು ಸರಿಯಾದೆ’ ಎನ್ನಿಸುತ್ತದೆ. ಆದರೆ ಹೊಸದಾಗಿ ಕೂರಿಸಿದ ಲಿಗಮೆಂಟ್ ನಾಟಿ ಮಾಡಿದ ಪೈರಿನಂತೆ: ಬೇರು ಬಿಡುವ ಮೊದಲು ಸೊರಗುತ್ತದೆ. ಅದರೊಳಗೆ ಹೊಸ ರಕ್ತನಾಳಗಳು ಹಬ್ಬುವ ಈ ಅವಧಿಯಲ್ಲೇ ಅದರ ಬಲ ತೀರ ಕಡಿಮೆ. ಆಟಗಾರನ ಹುಮ್ಮಸ್ಸು ಏರುವ ಹೊತ್ತಿಗೆ ಲಿಗಮೆಂಟಿನ ಬಲ ಇಳಿದಿರುತ್ತದೆ. ಫಿಸಿಯೊ ಕಾಲಿಗೆ ಕೆಲಸ ಕೊಡುತ್ತಲೇ ಉತ್ಸಾಹಕ್ಕೆ ಕಡಿವಾಣ ಹಾಕಬೇಕು. ಸೈಕಲ್, ಬೈಠಕ್, ಒಂಟಿಕಾಲಲ್ಲಿ ನಿಲ್ಲುವುದು, ಮೆಟ್ಟಿಲೇರುವುದು ಒಂದೊಂದಾಗಿ ಸೇರುತ್ತವೆ. ಪ್ರತಿ ಬೆಳಗ್ಗೆ ಮೊದಲ ಪ್ರಶ್ನೆ ಒಂದೇ: ರಾತ್ರಿ ಊತ ಬಂತೇ? ಬಂದಿದ್ದರೆ ನಿನ್ನೆಯ ಕೆಲಸ ಹೆಚ್ಚಾಯಿತು. ಬಾರದಿದ್ದರೆ ಇಂದು ಒಂದು ಹೆಜ್ಜೆ ಮುಂದೆ.

ಮುಂದೆ ಓಟ, ಜಿಗಿತ, ತಿರುವು. ಜಿಗಿಯುವುದಕ್ಕಿಂತ ನೆಲಕ್ಕೆ ಇಳಿಯುವುದನ್ನು ಕಲಿಸುವುದು ಕಷ್ಟ. ಮಂಡಿ ಒಳಕ್ಕೆ ವಾಲದೆ, ಸೊಂಟ ಬಗ್ಗಿಸಿ ಮೆತ್ತಗೆ ಇಳಿಯಬೇಕು. ಕಬಡ್ಡಿಯವನಿಗೆ ಇಷ್ಟು ಸಾಲದು. ಕಣಕಾಲು ಹಿಡಿದಾಗ ಎಳೆದುಕೊಂಡು ಗೆರೆ ಮುಟ್ಟುವುದು, ಎದುರಾಳಿಯ ಚಲನೆ ನೋಡಿ ಕ್ಷಣದಲ್ಲಿ ದಿಕ್ಕು ಬದಲಿಸುವುದು ಎಲ್ಲವನ್ನೂ ಮೊದಲು ಮೆಲ್ಲಗೆ, ಆಮೇಲೆ ಪೂರ್ಣ ವೇಗದಲ್ಲಿ ಮಾಡಿಸುತ್ತಾರೆ.

ಅಂಗಳಕ್ಕೆ ಬಿಡುವುದು ಕ್ಯಾಲೆಂಡರ್ ನೋಡಿ ಅಲ್ಲ, ಅಳತೆ ನೋಡಿ. ತೊಡೆಯ ಬಲ ಮತ್ತು ಒಂಟಿಕಾಲ ಜಿಗಿತದ ದೂರ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕು. ಹಾಗೆಂದು ಕಾಲಕ್ಕೆ ಬೆಲೆಯಿಲ್ಲವೆಂದಲ್ಲ. 2016ರಲ್ಲಿ ಪ್ರಕಟವಾದ ಡೆಲವೇರ್-ಆಸ್ಲೊ ಅಧ್ಯಯನದ ಪ್ರಕಾರ, ಆಪರೇಷನ್ನಿನ ನಂತರ ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿ ಮತ್ತೆ ಗಾಯಗೊಳ್ಳುವ ಪ್ರಮಾಣ ಶೇ 51ರಷ್ಟು ಇಳಿದಿತ್ತು. ಮೈ ಸಿದ್ಧವಾದರೂ ಮನಸ್ಸು ಹಿಂಜರಿಯುವುದುಂಟು. ಆ ಅಳುಕನ್ನೂ ಪ್ರಶ್ನಾವಳಿಯಿಂದ ಅಳೆಯುತ್ತಾರೆ. ಹೆದರಿಕೊಂಡು ಆಡುವವನ ಹೆಜ್ಜೆಯೂ ತಪ್ಪುತ್ತದೆ.

ಇಷ್ಟನ್ನು ಕಲಿಯಲು ಫಿಸಿಯೊಥೆರಪಿಯ ಬಿಪಿಟಿ ಪದವಿ, ಕ್ರೀಡಾ ವಿಭಾಗ ಬೇಕೆಂದರೆ ಮತ್ತೆರಡು ವರ್ಷದ ಸ್ನಾತಕೋತ್ತರ ಓದು ಬೇಕು. ಆದರೂ ನಮ್ಮೂರ ಟೂರ್ನಿಗಳಲ್ಲಿ ಸಂಘಟಕರು ಫ್ಲಡ್‌ಲೈಟಿಗೆ, ಟ್ರೋಫಿಗೆ ಖರ್ಚು ಮಾಡುವಷ್ಟು ಧಾರಾಳವಾಗಿ ಒಬ್ಬ ಫಿಸಿಯೊವನ್ನು ಕರೆಸುವುದಿಲ್ಲ. ಮುಂದಿನ ಸಲ ಕರೆಸಿ. ನಿಮ್ಮ ಮನೆಯ ಹುಡುಗನ ಅಥವಾ ಹುಡುಗಿಯ ಮಂಡಿ ಆಡುವಾಗ ತಿರುಚಿ, ಗಂಟೆಗಳೊಳಗೆ ಊದಿಕೊಂಡರೆ ತಿಕ್ಕಿಸಲು, ನೀವಿಸಲು ಹೋಗದೆ ಮೂಳೆತಜ್ಞರಿಗೂ ಫಿಸಿಯೊಗೂ ತೋರಿಸಿ. ನೋವು ಹೋಯಿತೆಂದು ವ್ಯಾಯಾಮವನ್ನು ಅರ್ಧಕ್ಕೆ ಬಿಡಬೇಡಿ.